ಜೀನ್ ಒಂದೇ, ಸೋದರಮಾವನಿಗೆ ಕಾಲು, ಅಕ್ಕನ ಮಗನಿಗೆ ಮಿದುಳು. ಯಾಕೆ ಹೀಗೆ?

ಪ್ರಶ್ನೆ: ನನ್ನ ಅಕ್ಕನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನಿಗೆ 8 ವರ್ಷ. ಕಳೆದ ವರ್ಷದಿಂದ ಅವನ ಅಕ್ಷರ ಕೆಟ್ಟಿತು, ಕರೆದರೂ ಕೇಳಿಸದವನಂತೆ ಇರುತ್ತಿದ್ದ. ಈಗ ಕಣ್ಣು ಮಂಜಾಗಿದೆ, ನಡೆಯುವಾಗ ತೂರಾಡುತ್ತಾನೆ. ಅಡ್ರಿನೋಲ್ಯೂಕೋಡಿಸ್ಟ್ರೋಫಿ ಎಂದಿದ್ದಾರೆ. ಮಿದುಳಿನಲ್ಲಿ ಉರಿಯೂತ ಹೆಚ್ಚಾಗಿದೆ, ಲೋಸ್ ಸ್ಕೋರ್ 15 ಇದೆ, ಅಸ್ಥಿಮಜ್ಜೆ ಕಸಿಗೆ ತಡವಾಯಿತು ಎಂದರು. ಚಿಕ್ಕವನಿಗೆ 5 ವರ್ಷ. ಅವನಿಗೂ ಅದೇ ಜೀನ್ ದೋಷ ಇದೆ, ಆದರೆ ಫೆಬ್ರುವರಿಯ ಎಂಆರ್‌ಐ ಪೂರ್ತಿ ಸರಿ ಬಂತು. ನಮ್ಮ ಸೋದರಮಾವನಿಗೂ (46 ವರ್ಷ) ಅದೇ ದೋಷ. ಅವರಿಗೆ ಕಾಲು ಬಿಗಿ, ಕೋಲು ಹಿಡಿದು ನಡೆಯುತ್ತಾರೆ, ಬುದ್ಧಿ ಮಾತ್ರ ಚುರುಕಾಗಿದೆ. ಒಂದೇ ದೋಷ ಒಬ್ಬೊಬ್ಬರಿಗೆ ಒಂದೊಂದು ಥರ ಯಾಕೆ? ದೊಡ್ಡವನಿಗೆ ಸ್ಟೆರಾಯ್ಡ್ ಮಾತ್ರೆ ಕೊಡುತ್ತಲೇ ಇದ್ದೇವೆ, ಆದರೂ ಉರಿಯೂತ ಯಾಕೆ ಇಳಿಯುತ್ತಿಲ್ಲ? ತುಪ್ಪ, ಎಣ್ಣೆ, ಕಡಲೆಕಾಯಿ ಎಲ್ಲ ಬಿಡಿಸಿದ್ದೇವೆ. ಅರಿಶಿನ ಉರಿಯೂತಕ್ಕೆ ಒಳ್ಳೆಯದು ಎನ್ನುತ್ತಾರೆ, ಕೊಡಬಹುದೇ? ಅಕ್ಕನನ್ನು ಸೋದರತ್ತೆಯ ಮಗನಿಗೆ ಕೊಟ್ಟಿದ್ದರಿಂದಲೇ ಹೀಗಾಯಿತು ಎಂದು ಮನೆಯಲ್ಲಿ ಮಾತು. ನನಗೂ ಮೂರೂವರೆ ವರ್ಷದ ಮಗನಿದ್ದಾನೆ. ಚಿಕ್ಕವನು ಆಡಿಕೊಂಡು ಚೆನ್ನಾಗಿರುವಾಗ ಮತ್ತೆ ಮತ್ತೆ ಸ್ಕ್ಯಾನ್ ಯಾಕೆ ಎಂದು ಅಕ್ಕ ಕೇಳುತ್ತಾಳೆ.

ಉತ್ತರ: ಕಾರಣಗಳಿಗೆ ಬರುವ ಮೊದಲು ಎರಡು ಕೆಲಸ ಹೇಳಿಬಿಡುತ್ತೇನೆ. ಚಿಕ್ಕವನ ಮುಂದಿನ ಎಂಆರ್‌ಐ ಆಗಸ್ಟಿನಲ್ಲಿ ಆಗಲೇಬೇಕು, ಹಬ್ಬ, ಪರೀಕ್ಷೆ ಎಂದು ಮುಂದೂಡಬೇಡಿ. ನಿಮ್ಮ ಮಗನ ರಕ್ತಪರೀಕ್ಷೆಯನ್ನು ಈ ವಾರವೇ ಮಾಡಿಸಿ. ಇಷ್ಟು ಒತ್ತಿ ಯಾಕೆ ಹೇಳುತ್ತಿದ್ದೇನೆ ಎನ್ನುವುದು ಓದುತ್ತಾ ಹೋದಂತೆ ತಿಳಿಯುತ್ತದೆ.

ದೋಷ ಇರುವುದು ಎಕ್ಸ್ ವರ್ಣತಂತುವಿನ ಮೇಲಿನ ಎಬಿಸಿಡಿ1 ಎಂಬ ಜೀನ್‌ನಲ್ಲಿ. ಇದನ್ನು ಗುರುತಿಸಿದ್ದು 1993ರಲ್ಲಿ. ನಮ್ಮ ಜೀವಕೋಶಗಳೊಳಗೆ ಪೆರಾಕ್ಸಿಸೋಮ್ ಎಂಬ ಪುಟ್ಟ ಚೀಲಗಳಿವೆ. 24, 26 ಇಂಗಾಲದ ಕೊಂಡಿಗಳಿರುವ ಅತಿ ಉದ್ದದ ಕೊಬ್ಬಿನಾಮ್ಲಗಳು ಒಡೆಯುವುದು ಆ ಚೀಲದೊಳಗೇ. ಅಲ್ಲಿಗೆ ಒಳಹೋಗುವ ಬಾಗಿಲೇ ಈ ಜೀನ್ ತಯಾರಿಸುವ ಪ್ರೋಟೀನ್. ಬಾಗಿಲು ಕೆಟ್ಟರೆ ಕೊಬ್ಬು ಹೊರಗೇ ಉಳಿದು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ, ಬೆನ್ನುಹುರಿಯಲ್ಲಿ, ಮಿದುಳಿನ ಬಿಳಿಭಾಗದಲ್ಲಿ ಸೇರಿಕೊಳ್ಳುತ್ತದೆ. ಬಿಳಿಭಾಗ ಅಂದರೆ ನರತಂತುಗಳಿಗೆ ಮೈಲಿನ್ ಹೊದಿಕೆ ಇರುವ ಜಾಗ. ಕರೆಂಟು ವೈರಿನ ಮೇಲೆ ಪ್ಲಾಸ್ಟಿಕ್ ಇರುತ್ತದಲ್ಲ, ಆ ಥರದ ಹೊದಿಕೆ.

ಇಷ್ಟರಿಂದಲೇ ಎಲ್ಲ ನಡೆಯುವುದಾದರೆ ರಕ್ತದಲ್ಲಿ ಆ ಕೊಬ್ಬು ಎಷ್ಟು ಹೆಚ್ಚೋ ರೋಗವೂ ಅಷ್ಟೇ ಹೆಚ್ಚಿರಬೇಕಿತ್ತು. ಹಾಗಿಲ್ಲ. ನಿಮ್ಮ ಸೋದರಮಾವನ ರಕ್ತದಲ್ಲೂ ಅಕ್ಕನ ದೊಡ್ಡ ಮಗನ ರಕ್ತದಲ್ಲೂ ಅದರ ಮಟ್ಟ ಹೆಚ್ಚುಕಡಿಮೆ ಒಂದೇ ಇದ್ದೀತು. ಜೀನ್‌ನಲ್ಲಿ ಯಾವ ಅಕ್ಷರ ತಪ್ಪಿದೆ ಎಂದು ನೋಡಿಯೂ ರೋಗ ಯಾವ ದಾರಿ ಹಿಡಿಯುತ್ತದೆ ಎಂದು ಹೇಳಲಾಗದು. ಒಂದೇ ಮನೆಯಲ್ಲಿ ಒಬ್ಬನಿಗೆ ಬಾಲ್ಯದಲ್ಲೇ ಮಿದುಳು ಕೆಟ್ಟು, ಇನ್ನೊಬ್ಬ ನಲವತ್ತು ದಾಟಿ ಕಾಲೆಳೆದುಕೊಂಡು ನಡೆಯುವುದು ಈ ರೋಗದಲ್ಲಿ ಮಾಮೂಲು. ತದ್ರೂಪಿ ಅವಳಿಗಳಲ್ಲೇ ಇಂಥ ವ್ಯತ್ಯಾಸ ಕಂಡು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ.

ಹಾಗಾದರೆ ವ್ಯತ್ಯಾಸ ಮಾಡುವುದು ಯಾವುದು? ಉರಿಯೂತ. ಈ ದೋಷವಿರುವವರಲ್ಲಿ ನಡೆಯುವುದು ಒಂದು ರೋಗವಲ್ಲ, ಎರಡು ಎಂದೇ ಎಣಿಸಿ. ಮೊದಲನೆಯದು ಬೆನ್ನುಹುರಿಯ ಉದ್ದದ ನರತಂತುಗಳು ತುದಿಯಿಂದ ನಿಧಾನವಾಗಿ ಸವೆಯುತ್ತಾ ಬರುವುದು. ಅದರಲ್ಲಿ ಉರಿಯೂತದ ಪಾತ್ರ ಅಲ್ಪ. ದೋಷವಿರುವ ಗಂಡಸರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ದೊಡ್ಡವರಾದ ಮೇಲೆ ಅದು ಬಂದೇ ಬರುತ್ತದೆ, ಹತ್ತಾರು ವರ್ಷ ಎಳೆಯುತ್ತದೆ. ನಿಮ್ಮ ಮಾವನಿಗೆ ಆಗಿರುವುದು ಇದು. ಎರಡನೆಯದು ಮಿದುಳಿನ ಬಿಳಿಭಾಗದಲ್ಲಿ ಉರಿಯೂತ ಹೊತ್ತಿಕೊಳ್ಳುವುದು. ಹೊತ್ತಿಕೊಂಡರೆ ಲೆಕ್ಕ ವರ್ಷಗಳದ್ದಲ್ಲ, ತಿಂಗಳುಗಳದ್ದು. ದೋಷವಿರುವ ಹುಡುಗರಲ್ಲಿ ಶೇಕಡ 35ರಿಂದ 40ರಷ್ಟು ಮಂದಿಗೆ ಬಾಲ್ಯದಲ್ಲೇ, ಹೆಚ್ಚಾಗಿ 4ರಿಂದ 10 ವರ್ಷದೊಳಗೆ, ಇದು ಬರುತ್ತದೆ. ಉಳಿದವರು ಪೂರ್ತಿ ಪಾರಾದರು ಎಂದೂ ಅಲ್ಲ, ದೊಡ್ಡವರಾದ ಮೇಲೂ ಬರಬಹುದು. ಹಾಗಾಗಿ ನಿಮ್ಮ ಮಾವನಿಗೂ ವರ್ಷಕ್ಕೊಂದು ಎಂಆರ್‌ಐ ಬೇಕು.

ಉರಿಯೂತ ಎಂಬ ಮಾತಿನಲ್ಲೇ ಉರಿಯೂ ಇದೆ, ಊತವೂ ಇದೆ. ಆದರೆ ಮಿದುಳಿನ ಅಂಗಾಂಶಕ್ಕೆ ನೋವು ತಿಳಿಯುವ ನರಗಳಿಲ್ಲ. ಒಳಗೆ ಹೊತ್ತಿಕೊಂಡರೂ ಮಗುವಿಗೆ ಉರಿ ಗೊತ್ತಾಗದು, ಜ್ವರ ಬಾರದು. ಮನೆಯವರ ಕಣ್ಣಿಗೆ ಬೀಳುವುದು ಬೇರೆಯೇ. ಒಮ್ಮೆ ಒಬ್ಬ ತಾಯಿ ಮಗನ ಕಾಪಿ ಪುಸ್ತಕ ತಂದು ನನ್ನ ಮೇಜಿನ ಮೇಲೆ ತೆರೆದಿಟ್ಟರು. ಜೂನ್ ತಿಂಗಳ ಪುಟದಲ್ಲಿ ಕಾಗುಣಿತ ಎರಡು ಗೆರೆಯ ನಡುವೆ ಪೋಣಿಸಿದ ಹಾಗಿತ್ತು. ಸೆಪ್ಟೆಂಬರಿನಲ್ಲಿ ಒತ್ತಕ್ಷರಗಳು ಗೆರೆಯಿಂದ ಕೆಳಗೆ ಜಾರಿದ್ದವು. ನವೆಂಬರಿನ ಹೊತ್ತಿಗೆ ಪುಟದ ಎಡಗಡೆ ಅರ್ಧ ಖಾಲಿ, ಬರೆದದ್ದೆಲ್ಲ ಬಲಕ್ಕೆ ಒತ್ತಿಕೊಂಡು ಒಂದರ ಮೇಲೊಂದು ಬಿದ್ದಿತ್ತು. ಗಮನ ಕೊಡುವುದಿಲ್ಲ ಎಂದು ಶಾಲೆಯಲ್ಲಿ ಬೈಸಿಕೊಂಡಿದ್ದ. ಎಡಗಡೆ ಇರುವುದು ಅವನಿಗೆ ಕಾಣಿಸುತ್ತಲೇ ಇರಲಿಲ್ಲ. ಇಂಥ ಮಕ್ಕಳಲ್ಲಿ ಸುಮಾರು ಶೇಕಡ 80 ಮಂದಿಗೆ ರೋಗ ಶುರುವಾಗುವುದು ಮಿದುಳಿನ ಹಿಂಭಾಗದಲ್ಲಿ. ನೋಡಿದ್ದನ್ನೂ ಕೇಳಿದ್ದನ್ನೂ ಅರ್ಥಮಾಡಿಕೊಳ್ಳುವ ದಾರಿಗಳು ಅಲ್ಲಿವೆ. ಕಿವಿಯ ಪರೀಕ್ಷೆ ಸರಿ ಬರುತ್ತದೆ, ಆದರೆ ಕರೆದರೆ ಮಗು ತಿರುಗುವುದಿಲ್ಲ. ನಿಮ್ಮ ಅಕ್ಕ ಇದನ್ನು ಮೊದಲೇ ಗುರುತಿಸಬೇಕಿತ್ತು ಎಂದು ಯಾರೂ ಅನ್ನಬಾರದು. ಶುರುವಿನಲ್ಲಿ ಇದು ಮಕ್ಕಳ ತುಂಟತನ, ಸೋಮಾರಿತನದ ಹಾಗೆಯೇ ಕಾಣುತ್ತದೆ. ವೈದ್ಯರೂ ಎಡವುತ್ತಾರೆ.

ದೊಡ್ಡವನ ಎಂಆರ್‌ಐ ಫಿಲ್ಮ್ ಮನೆಯಲ್ಲಿದ್ದರೆ ಬೆಳಕಿಗೆ ಹಿಡಿದು ನೋಡಿ. ತಲೆಯ ಹಿಂಭಾಗದಲ್ಲಿ ಎರಡೂ ಕಡೆ ರೆಕ್ಕೆ ಬಿಚ್ಚಿದ ಚಿಟ್ಟೆಯಂತೆ ಬೆಳ್ಳಗೆ ಕಾಣುತ್ತದೆ. ಕಾಂಟ್ರಾಸ್ಟ್ ಔಷಧಿ ಕೊಟ್ಟು ತೆಗೆದ ಚಿತ್ರದಲ್ಲಿ ಅದರ ಅಂಚಿಗೆ ಹೊಳೆಯುವ ತೆಳು ಗೆರೆಯೊಂದು ಇರುತ್ತದೆ. ಬೇಸಿಗೆಯಲ್ಲಿ ಗುಡ್ಡದ ಹುಲ್ಲಿಗೆ ಬೆಂಕಿ ಬಿದ್ದಾಗ ನಡುವೆ ಬೂದಿ, ಅಂಚಿನಲ್ಲಿ ಮಾತ್ರ ಜ್ವಾಲೆ ಇರುತ್ತದಲ್ಲ, ಇದೂ ಹಾಗೆ. ಚಿಟ್ಟೆಯ ನಡುಭಾಗದಲ್ಲಿ ಮೈಲಿನ್ ಆಗಲೇ ಹೋಗಿಯಾಗಿದೆ. ಅಂಚಿನಲ್ಲಿ ಮಿದುಳಿಗೂ ರಕ್ತಕ್ಕೂ ನಡುವಿನ ತಡೆಗೋಡೆ ಒಡೆದಿದೆ. ರಕ್ತದಿಂದ ಟಿ-ಕೋಶಗಳು, ಭಕ್ಷಕ ಕೋಶಗಳು ಎಂಬ ರಕ್ಷಣಾ ಕೋಶಗಳು ಆ ಬಿರುಕಿನಲ್ಲಿ ನುಗ್ಗುತ್ತಿವೆ. ಕಾಂಟ್ರಾಸ್ಟ್ ಸೋರಿ ಹೊಳೆಯುವುದೂ ಅಲ್ಲೇ. ಈ ಗೆರೆ ಇದ್ದರೆ ರೋಗ ಮುಂದುವರಿಯುತ್ತಿದೆ ಎಂದು ಅರ್ಥ. ಇಲ್ಲದಿದ್ದರೆ ಅದು ಸದ್ಯಕ್ಕಾದರೂ ನಿಂತಿರಬಹುದು. ಸುಮಾರು ಹತ್ತರಲ್ಲಿ ಒಬ್ಬರಿಗೆ ಹಾಗೆ ತಾನಾಗಿಯೇ ನಿಲ್ಲುವುದುಂಟು. ಲೋಸ್ ಸ್ಕೋರ್ ಎಂದರೆ ಮಿದುಳಿನ ಯಾವ ಯಾವ ಭಾಗಕ್ಕೆ ಇದು ತಲುಪಿದೆ ಎಂಬ ಎಣಿಕೆ. ಸೊನ್ನೆ ಎಂದರೆ ಏನೂ ಇಲ್ಲ, 34 ಎಂದರೆ ಕೊನೆ. ರೋಗ ಎಷ್ಟು ಜೋರು ಎಂದು ನಾವು ಅಳೆಯುವುದು ಈ ಎರಡರಿಂದ. ಸ್ಕೋರು ಎಲ್ಲಿಯವರೆಗೆ ಸುಟ್ಟಿದೆ ಎನ್ನುತ್ತದೆ, ಗೆರೆ ಇನ್ನೂ ಸುಡುತ್ತಿದೆಯೇ ಎಂಬುದನ್ನು ತೋರಿಸುತ್ತದೆ.

ಹೊತ್ತಿಸುವ ಕಿಡಿ ಯಾವುದು ಎಂಬುದು ವಿಜ್ಞಾನಕ್ಕೆ ಇನ್ನೂ ಕೈಗೆ ಸಿಕ್ಕಿಲ್ಲ. ತಲೆಗೆ ಜೋರು ಪೆಟ್ಟು ಬಿದ್ದ ಮೇಲೆ ಶುರುವಾದ ಉದಾಹರಣೆಗಳಿವೆ. ಹಾಗೆಂದು ಚಿಕ್ಕವನನ್ನು ಆಟದಿಂದ ಬಿಡಿಸಿ ಮನೆಯಲ್ಲಿ ಕೂಡಿಹಾಕಬೇಡಿ. ಸೈಕಲ್ ತುಳಿದರೆ ಹೆಲ್ಮೆಟ್ ಇರಲಿ. ಕಾಲು ಬಿಗಿಯಾಗಿ ಎಡವುವ ಮಾವನಿಗೆ ಬಚ್ಚಲುಮನೆಯಲ್ಲಿ ಹಿಡಿಕೆ ಹಾಕಿಸಿ. ಸೌದೆ ಯಾವುದು ಎಂಬುದು ಮಾತ್ರ ಚೆನ್ನಾಗಿ ಗೊತ್ತಿದೆ. ಮಿದುಳಿನಲ್ಲಿ ಮೈಕ್ರೋಗ್ಲಿಯಾ ಎಂಬ ಕೋಶಗಳಿವೆ. ಕಾವಲೂ ಅವುಗಳದೇ, ಕಸ ಗುಡಿಸುವ ಕೆಲಸವೂ ಅವುಗಳದೇ. ಈ ರೋಗದಲ್ಲಿ ಅವುಗಳಿಗೂ ಅದೇ ಜೀನ್ ದೋಷ. ಕೆಟ್ಟ ಮೈಲಿನನ್ನು ನುಂಗುತ್ತವೆ, ಅದರೊಳಗಿನ ಉದ್ದ ಕೊಬ್ಬನ್ನು ಅರಗಿಸಲಾರದೆ ತಾವೇ ಕೆರಳುತ್ತವೆ, ಸಾಯುತ್ತವೆ. ಕಾವಲಿನವನೇ ಬಿದ್ದ ಮೇಲೆ ಮುಂದಿನ ಜಾಗ ಬರಿದಾಗಿ ಬೆಂಕಿಗೆ ದಾರಿಯಾಗುತ್ತದೆ.

ಈಗ ಸ್ಟೆರಾಯ್ಡ್ ಮಾತು. ನಿಮ್ಮ ಪ್ರಶ್ನೆ ನ್ಯಾಯವಾದದ್ದು, ಎಷ್ಟೋ ಮನೆಗಳಲ್ಲಿ ಈ ಗೊಂದಲ ಇದೆ. ದೊಡ್ಡವನಿಗೆ ಕೊಡುತ್ತಿರುವ ಹೈಡ್ರೋಕಾರ್ಟಿಸೋನ್ ಮಿದುಳಿನ ಉರಿಯೂತಕ್ಕಲ್ಲ. ಅಡ್ರಿನಲ್ ಗ್ರಂಥಿ ಸೋತು ಮೈಯಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನ್ ತಯಾರಾಗುತ್ತಿಲ್ಲ, ಆ ಕೊರತೆ ತುಂಬುವುದಕ್ಕೆ ಅದು. ಅದನ್ನು ಒಂದು ದಿನವೂ ನಿಲ್ಲಿಸಬೇಡಿ. ಜ್ವರ, ವಾಂತಿ, ಆಪರೇಷನ್ ಬಂದರೆ ವೈದ್ಯರು ಬರೆದುಕೊಟ್ಟ ಪ್ರಕಾರ ಹೆಚ್ಚಿಸಬೇಕು. ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಇಂಜೆಕ್ಷನ್ ಬೇಕು, ಇಲ್ಲದಿದ್ದರೆ ಜೀವಕ್ಕೇ ಅಪಾಯ. ಇದನ್ನು ಒಂದು ಚೀಟಿಯಲ್ಲಿ ಬರೆದು ಶಾಲೆಯ ಬ್ಯಾಗಿನಲ್ಲೂ ಅಜ್ಜಿಯ ಮನೆಯಲ್ಲೂ ಇಡಿ. ಉರಿಯೂತವನ್ನೇ ಗುರಿಯಿಟ್ಟು ಹೆಚ್ಚು ಸ್ಟೆರಾಯ್ಡ್, ಸೈಕ್ಲೋಫಾಸ್ಫಮೈಡ್, ಇಮ್ಯುನೋಗ್ಲಾಬ್ಯುಲಿನ್, ಇಂಟರ್‌ಫೆರಾನ್ ಎಲ್ಲವನ್ನೂ ಹಿಂದಿನ ದಶಕಗಳಲ್ಲಿ ಪ್ರಯತ್ನಿಸಿ ಆಗಿದೆ. ಯಾವುದೂ ರೋಗವನ್ನು ನಿಲ್ಲಿಸಲಿಲ್ಲ. ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ಇನ್ನೊಂದು ಮೈಲಿನ್ ರೋಗದಲ್ಲಿ ಮೈಲಿನ್ ಸರಿಯಿದ್ದರೂ ದೇಹದ ರಕ್ಷಣಾ ವ್ಯವಸ್ಥೆಯೇ ಅದರ ಮೇಲೆ ಬೀಳುತ್ತದೆ, ಆದ್ದರಿಂದ ಅದನ್ನು ಅಡಗಿಸುವ ಔಷಧಿ ಕೆಲಸ ಮಾಡುತ್ತದೆ. ಇಲ್ಲಿ ಕೋಶಕೋಶದಲ್ಲೂ ಸೌದೆ ತುಂಬಿದೆ. ಜ್ವಾಲೆಯ ಮೇಲೆ ನೀರು ಚಿಮುಕಿಸಿದರೂ ಮತ್ತೆ ಹೊತ್ತುತ್ತದೆ.

ಅರಿಶಿನದ ಹಾಲು ಕೊಡಿ, ಬೇಡ ಎನ್ನುವುದಿಲ್ಲ. ಅದನ್ನು ನಂಬಿಕೊಂಡು ಸ್ಕ್ಯಾನ್ ಬಿಡಬೇಡಿ, ಅಷ್ಟೇ. ಊಟದ ಪಥ್ಯ ಮಾತ್ರ ದಯವಿಟ್ಟು ಸಡಿಲಿಸಿ. ಆ ಉದ್ದ ಕೊಬ್ಬಿನ ಬಹುಪಾಲು ತಟ್ಟೆಯಿಂದ ಬರುವುದಲ್ಲ, ಮೈಯೇ ತಯಾರಿಸುತ್ತದೆ. ಲೊರೆಂಜೊ ಎಣ್ಣೆಯ ಬಗ್ಗೆ ನೀವೂ ಕೇಳಿರಬಹುದು. ಆಗಸ್ಟೊ ಮತ್ತು ಮಿಕೇಲಾ ಒಡೋನೆ ದಂಪತಿ ತಮ್ಮ ಮಗನಿಗಾಗಿ ಪಟ್ಟುಹಿಡಿದು ರೂಪಿಸಿದ ಎಣ್ಣೆ ಅದು. ರಕ್ತದಲ್ಲಿ ಕೊಬ್ಬಿನ ಮಟ್ಟವನ್ನು ಅದು ನಿಜಕ್ಕೂ ಇಳಿಸುತ್ತದೆ. ಆದರೆ ಹೊತ್ತಿಕೊಂಡ ಉರಿಯೂತವನ್ನು ನಿಲ್ಲಿಸಲಿಲ್ಲ. ರಕ್ತದ ಕೊಬ್ಬು ಬೇರೆ, ಮಿದುಳಿನ ಬೆಂಕಿ ಬೇರೆ ಎಂಬುದನ್ನು ಆ ಎಣ್ಣೆಯೇ ತೋರಿಸಿಕೊಟ್ಟಿತು. ದೊಡ್ಡವನಿಗೆ ಈಗ ನುಂಗುವುದೇ ಕಷ್ಟವಾಗುತ್ತಾ ಬರುವ ಕಾಲ. ಅನ್ನಕ್ಕೆ ಒಂದು ಚಮಚ ತುಪ್ಪ ಹಾಕಿ ಕಲಸಿ ಕೊಡಿ, ಅವನಿಗೆ ಶಕ್ತಿಯೂ ಬೇಕು, ರುಚಿಯೂ ಬೇಕು.

ಉರಿಯೂತವನ್ನು ನಿಲ್ಲಿಸಿದ್ದು ಅಸ್ಥಿಮಜ್ಜೆ ಕಸಿ. ಫ್ರಾನ್ಸಿನ ಪ್ಯಾಟ್ರಿಕ್ ಆಬೂರ್ ಮತ್ತು ಸಂಗಡಿಗರು 1990ರಲ್ಲಿ ಮೊದಲ ಬಾರಿಗೆ ಒಬ್ಬ ಹುಡುಗನಲ್ಲಿ ಇದು ಫಲಿಸಿದ್ದನ್ನು ಪ್ರಕಟಿಸಿದರು. ಕಸಿ ಮಾಡಿದ ಆಕರಕೋಶಗಳಿಂದ (ಸ್ಟೆಮ್ ಸೆಲ್) ಹುಟ್ಟಿದ ಆರೋಗ್ಯವಂತ ಕೋಶಗಳು ರಕ್ತದ ಮೂಲಕ ಮಿದುಳು ಸೇರಿ ಹಳೆಯ ಕಾವಲುಗಾರರ ಜಾಗ ಹಿಡಿಯುತ್ತವೆ. ಆದರೆ ಅವು ಬಂದು ನೆಲೆಯೂರಲು ತಿಂಗಳುಗಳು ಬೇಕು. ಕಸಿಯ ನಂತರವೂ ಒಂದು, ಒಂದೂವರೆ ವರ್ಷದವರೆಗೆ ರೋಗ ಮುಂದೆ ಹೋಗಬಹುದು. ಅದಕ್ಕೇ ಲೋಸ್ ಸ್ಕೋರ್ 9ರೊಳಗೆ ಇದ್ದು, ಮಗು ಇನ್ನೂ ಓಡಾಡಿಕೊಂಡು ಸರಿಯಿರುವಾಗ ಮಾಡಿದರೆ ಮಾತ್ರ ಒಳ್ಳೆಯ ಫಲ. ಸ್ಕೋರ್ 15 ಆಗಿ, ಕಣ್ಣೂ ನಡಿಗೆಯೂ ಕೆಟ್ಟ ಮೇಲೆ ಕಸಿ ಮಾಡಿದರೆ ಹೊಸ ಕೋಶಗಳು ಕೆಲಸ ಶುರುಮಾಡುವಷ್ಟರಲ್ಲಿ ಉಳಿಸಿಕೊಳ್ಳಲು ಏನೂ ಉಳಿದಿರುವುದಿಲ್ಲ. ಕಸಿಗೆ ಮೊದಲು ಕೊಡುವ ಕೀಮೋ ರೋಗದ ವೇಗವನ್ನು ಹೆಚ್ಚಿಸಲೂಬಹುದು. ದೊಡ್ಡವನಿಗೆ ಬೇಡ ಎಂದ ವೈದ್ಯರು ಅವನನ್ನು ಕೈಬಿಟ್ಟಿದ್ದಲ್ಲ. ಈ ಮಾತು ಬರೆಯುವುದು ನನಗೂ ಭಾರ.

ಮಗುವಿನದೇ ಕೋಶಗಳನ್ನು ತೆಗೆದು ಜೀನ್ ಸರಿಪಡಿಸಿ ಮತ್ತೆ ಕೊಡುವ ಎಲಿ-ಸೆಲ್ ಚಿಕಿತ್ಸೆಗೆ ಅಮೆರಿಕದಲ್ಲಿ 2022ರ ಸೆಪ್ಟೆಂಬರಿನಲ್ಲಿ ಅನುಮತಿ ಸಿಕ್ಕಿತು. ಬೆಲೆ 30 ಲಕ್ಷ ಡಾಲರ್. ಪಡೆದ ಕೆಲವು ಮಕ್ಕಳಲ್ಲಿ ರಕ್ತದ ಕ್ಯಾನ್ಸರ್ ಕಾಣಿಸಿಕೊಂಡಿದೆ. ಅದಕ್ಕಾಗಿ ಮನೆ ಮಾರುವ ಯೋಚನೆ ಬೇಡ. ದೊಡ್ಡವನ ಹಂತಕ್ಕೆ ಅದೂ ಒದಗುವುದಿಲ್ಲ.

ಅವನಿಗೆ ಮಾಡಬಹುದಾದದ್ದು ತುಂಬಾ ಇದೆ. ಸ್ನಾಯುಗಳ ಬಿಗಿತಕ್ಕೆ ಬ್ಯಾಕ್ಲೋಫೆನ್‌ನಂಥ ಔಷಧಿ, ದಿನವೂ ಕೈಕಾಲು ಮಡಿಸಿ ಚಾಚಿಸುವ ವ್ಯಾಯಾಮ, ಫಿಟ್ಸ್ ಬಂದರೆ ಅದಕ್ಕೆ ಮಾತ್ರೆ, ಉಗುಳು ಗಂಟಲಿಗೆ ಇಳಿದು ಕೆಮ್ಮುವಂತಾದರೆ ತಡಮಾಡದೆ ಊಟದ ನಳಿಕೆ. ಕಣ್ಣು ಮಂಜಾದ ಮಗುವಿಗೆ ಇದ್ದಕ್ಕಿದ್ದಂತೆ ಮೈ ಮುಟ್ಟಿದರೆ ಬೆಚ್ಚಿಬೀಳುತ್ತದೆ. ಮೊದಲು ಹೆಸರು ಹಿಡಿದು ಮಾತಾಡಿಸಿ ಆಮೇಲೆ ಮುಟ್ಟಿ. ಮಾತಿನ ಅರ್ಥ ಸಿಗದಿದ್ದರೂ ದನಿಯ ಪರಿಚಯ ಬಹಳ ದಿನ ಉಳಿಯುತ್ತದೆ.

ಇನ್ನು ಸೋದರಿಕೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಮನೆಯವರಿಗೆಲ್ಲ ಓದಿ ಹೇಳಿ. ತಂದೆ, ತಾಯಿ ಇಬ್ಬರಿಂದಲೂ ದೋಷ ಬಂದರೆ ಮಾತ್ರ ತೋರುವ ರೋಗಗಳಲ್ಲಿ ರಕ್ತಸಂಬಂಧದ ಮದುವೆ ಅಪಾಯ ಹೆಚ್ಚಿಸುತ್ತದೆ. ಇದು ತಾಯಿಯ ಎಕ್ಸ್ ವರ್ಣತಂತುವಿನಲ್ಲಿ ಬಂದದ್ದು. ನಿಮ್ಮ ಅಕ್ಕ ಯಾರನ್ನು ಮದುವೆಯಾಗಿದ್ದರೂ ಅವಳ ಪ್ರತಿ ಗಂಡುಮಗುವಿಗೆ ಅರ್ಧಕ್ಕರ್ಧ ಸಾಧ್ಯತೆ ಇದ್ದೇ ಇರುತ್ತಿತ್ತು. ಇದರಲ್ಲಿ ಅವಳ ತಪ್ಪೂ ಇಲ್ಲ, ಅವಳನ್ನು ಕೊಟ್ಟವರ ತಪ್ಪೂ ಇಲ್ಲ. ಮಾವನಿಗೆ ಮಕ್ಕಳಿದ್ದರೆ ಗಂಡುಮಕ್ಕಳಿಗೆ ಇದು ಬರುವುದಿಲ್ಲ, ಹೆಣ್ಣುಮಕ್ಕಳೆಲ್ಲರಿಗೂ ಬಂದೇ ಇರುತ್ತದೆ. ಮದುವೆಯ ಮಾತು ನಡೆಯುವ ವಯಸ್ಸಾಗಿದ್ದರೆ ಆ ಹುಡುಗಿಗೆ ಮೊದಲು ತಿಳಿಸಿ, ನೆಂಟರಿಗಲ್ಲ.

ನಿಮ್ಮ ತಾಯಿಗೂ ದೋಷ ಇದ್ದೇ ಇದೆ. ಅವರಿಗೆ ಕಾಲು ಸೆಟೆಯುವುದು, ಮೂತ್ರ ತಡೆಯಲಾಗದಿರುವುದು ಇದೆಯೇ ಕೇಳಿ ನೋಡಿ. ದೋಷ ಹೊತ್ತ ಹೆಂಗಸರಲ್ಲಿ 60 ದಾಟುವಷ್ಟರಲ್ಲಿ ಶೇಕಡ 80ಕ್ಕೂ ಹೆಚ್ಚು ಮಂದಿಗೆ ಬೆನ್ನುಹುರಿಯ ಲಕ್ಷಣಗಳು ಬರುತ್ತವೆ. ಮಂಡಿ ಸವೆದಿದೆ ಎಂದು ವರ್ಷಗಟ್ಟಲೆ ಎಣ್ಣೆ ತಿಕ್ಕಿಕೊಂಡು ಕೂತವರನ್ನು ನಾನು ನೋಡಿದ್ದೇನೆ. ಮಿದುಳಿನ ಉರಿಯೂತ ಹೆಂಗಸರಿಗೆ ಬರುವುದು ತೀರಾ ಅಪರೂಪ. ನಿಮಗೆ ದೋಷ ಇರುವ ಸಾಧ್ಯತೆ ಅರ್ಧಕ್ಕರ್ಧ. ಹೆಂಗಸರಲ್ಲಿ ರಕ್ತದ ಕೊಬ್ಬಿನ ಪರೀಕ್ಷೆ ಕೆಲವೊಮ್ಮೆ ಸರಿ ಇದೆ ಎಂದು ಸುಳ್ಳು ಹೇಳುತ್ತದೆ, ಹಾಗಾಗಿ ನೀವು ಜೀನ್ ಪರೀಕ್ಷೆಯನ್ನೇ ಮಾಡಿಸಿ. ನಿಮ್ಮ ಮಗನಿಗೆ ಕೊಬ್ಬಿನ ಪರೀಕ್ಷೆ ಸಾಕು, ಹುಡುಗರಲ್ಲಿ ಅದು ನಂಬಿಕಸ್ಥ. ನಿಮ್ಮ ಫಲಿತಾಂಶ ಬರಲಿ ಎಂದು ಅವನದನ್ನು ಕಾಯಿಸಬೇಡಿ.

ಬೇರೆ ಆನುವಂಶಿಕ ನರರೋಗಗಳಲ್ಲೂ ಉರಿಯೂತ ಇದೆಯೇ ಎಂದು ಕೆಲವರು ಕೇಳುತ್ತಾರೆ, ಇದೆ. ಹಂಟಿಂಗ್ಟನ್ ರೋಗದ ಜೀನ್ ಹೊತ್ತವರಲ್ಲಿ ಲಕ್ಷಣ ಕಾಣುವ ಮುಂಚೆಯೇ ಮೈಕ್ರೋಗ್ಲಿಯಾ ಕೆರಳಿರುವುದು ಪೆಟ್ ಸ್ಕ್ಯಾನಿನಲ್ಲಿ ಕಂಡಿದೆ. ರೋಗ ಬಲಿತಷ್ಟೂ ಆ ಕೆರಳುವಿಕೆಯೂ ಹೆಚ್ಚು. ಆದರೆ ಅಲ್ಲಿ ಅದು ಬೂದಿಯೊಳಗಿನ ಕೆಂಡ. ರೋಗ ಯಾವ ವಯಸ್ಸಿಗೆ ಬರುತ್ತದೆ ಎಂಬುದನ್ನು ಬಹುಮಟ್ಟಿಗೆ ಜೀನ್‌ನಲ್ಲಿ ಮತ್ತೆ ಮತ್ತೆ ಮರುಕಳಿಸುವ ಅಕ್ಷರಗಳ ಸರಣಿಯ ಉದ್ದವೇ ತೀರ್ಮಾನಿಸುತ್ತದೆ. ನಿಮ್ಮ ಮನೆಯ ರೋಗದಲ್ಲಿ ಉರಿಯೂತ ಬಂತೋ ಇಲ್ಲವೋ ಎಂಬುದೇ ತೀರ್ಮಾನ.

ಅಕ್ಕನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಎಂಆರ್‌ಐಯಲ್ಲಿ ಬಿಳಿ ಕಲೆ ಮೊದಲು, ಅಕ್ಷರ ಕೆಡುವುದು ಆಮೇಲೆ. ಆ ನಡುವಿನ ಕೆಲವು ತಿಂಗಳುಗಳಲ್ಲೇ ಕಸಿ ಆಗಬೇಕು. ಚಿಕ್ಕವನು ಚೆನ್ನಾಗಿದ್ದಾನೆ, ಅದಕ್ಕೇ ಸ್ಕ್ಯಾನ್ ಬೇಕು. 3ರಿಂದ 12 ವರ್ಷದವರೆಗೆ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಎಂಆರ್‌ಐಯಲ್ಲಿ ಎಕ್ಸ್‌ರೇ ಕಿರಣಗಳಿಲ್ಲ, ಆ ಭಯ ಬೇಡ. ಕಲೆ ಕಾಣಲಿ ಎಂದು ಕಾಯದೆ ಈಗಲೇ ಅವನಿಗೆ ಯಾರ ಕೋಶ ಹೊಂದುತ್ತದೆ ಎಂದು ತಿಳಿಯುವ ಎಚ್‌ಎಲ್‌ಎ ಪರೀಕ್ಷೆ ಮಾಡಿಸಿ ದಾನಿ ಯಾರಾಗಬಹುದು ಎಂದು ನೋಡಿಡಿ. ಅಣ್ಣ ದಾನಿಯಾಗಲಾರ, ಅವನಿಗೂ ದೋಷ ಇದೆ. ತಂದೆಯದು ಅರ್ಧ ಹೊಂದಬಹುದು. ದಾತ್ರಿಯಂಥ ನೋಂದಣಿ ಸಂಸ್ಥೆಯಲ್ಲಿ ಹೊರಗಿನ ದಾನಿಯನ್ನು ಹುಡುಕಲು ತಿಂಗಳುಗಳೇ ಹಿಡಿಯಬಹುದು. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಆರಂಭದ ಹಂತದ ಅಡ್ರಿನೋಲ್ಯೂಕೋಡಿಸ್ಟ್ರೋಫಿಗೆ ಕಸಿ ಸೇರಿದೆ. ಗುರುತಿಸಿದ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿವರೆಗೆ ನೆರವಿಗೆ ಅವಕಾಶ ಇದೆ. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸೇರಿ ಅಂಥ ಒಂದು ಕೇಂದ್ರವಾಗಿವೆ. ಅಲ್ಲಿ ಈಗಲೇ ಚಿಕ್ಕವನ ಹೆಸರು, ಕಡತ ಮಾಡಿಸಿಡಿ.

ಆಗಸ್ಟಿನಲ್ಲಿ ಹೋಗುವಾಗ ಫೆಬ್ರುವರಿಯ ಸ್ಕ್ಯಾನಿನ ಸಿಡಿ ಜೊತೆಗಿರಲಿ, ಬರಿಯ ರಿಪೋರ್ಟ್ ಸಾಲದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೇ ಸಣ್ಣ ಬದಲಾವಣೆ ಸಿಗುವುದು. ಚೀಟಿಯಲ್ಲಿ ರೋಗದ ಹೆಸರು ಬರೆಸಿ, ಕಲೆಯ ಅನುಮಾನ ಬಂದರೆ ಕಾಂಟ್ರಾಸ್ಟ್ ಕೊಡಲು ಅಲ್ಲೇ ಒಪ್ಪಿಗೆ ಇರಲಿ, ಮತ್ತೊಂದು ದಿನಕ್ಕೆ ಬೇಡ. ಸ್ಕ್ಯಾನಿಗೆ ಒಂದು ವಾರ ಮೊದಲು ಅವನ ಕಾರ್ಟಿಸಾಲ್ ಮತ್ತು ಅಡ್ರಿನಲ್ ಗ್ರಂಥಿಗೆ ಕೆಲಸ ಹೇಳುವ ಎಸಿಟಿಎಚ್ ಹಾರ್ಮೋನ್ ನೋಡಿಸಿ. ಮೊಣಕೈ, ಬೆರಳಗೆಣ್ಣು, ವಸಡು ಕಪ್ಪಾಗುತ್ತಿದ್ದರೆ, ಉಪ್ಪಿನಕಾಯಿ ಬೇಕೆಂದು ಹಟ ಮಾಡುತ್ತಿದ್ದರೆ ಅದು ಆ ಗ್ರಂಥಿ ಸೋಲುತ್ತಿರುವ ಗುರುತಿರಬಹುದು, ಅದನ್ನೂ ಹೇಳಿ. ಕಾರ್ಟಿಸಾಲ್ ಕಡಿಮೆ ಇದ್ದರೆ, ಮಲಗಿಸುವ ಔಷಧಿ ಕೊಡುವ ಮುನ್ನ ಹೈಡ್ರೋಕಾರ್ಟಿಸೋನ್ ಹೆಚ್ಚುವರಿ ಡೋಸ್ ಬೇಕು ಎಂದು ಅರಿವಳಿಕೆ ವೈದ್ಯರಿಗೆ ನೀವೇ ಬಾಯಿಬಿಟ್ಟು ಹೇಳಬೇಕು.